ಸೋಯಾಬೀನ್ ಬೇರುಗಂಟು ಬ್ಯಾಕ್ಟೀರಿಯಾ: ಬೀದರ್ ಸೀಮೆಯ ಬರ ಮತ್ತು ಚಳಿ

ಸೋಯಾಬೀನ್ ಗಿಡದ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯವಾಗಿ ಮಾರ್ಪಡಿಸುವ, ಅಂದರೆ ಸ್ಥಿರೀಕರಿಸುವ, ಮಣ್ಣಿನ ಬ್ಯಾಕ್ಟೀರಿಯಾಗಳ ಗುಂಪು. ಇವುಗಳಲ್ಲಿ ಮುಖ್ಯವಾದವು ಬ್ರೇಡಿರೈಜೋಬಿಯಂ ಕುಲಕ್ಕೆ ಸೇರಿವೆ. ಜೀವಾಣು ಗೊಬ್ಬರದ ಪೊಟ್ಟಣಗಳ ಮೇಲೂ ರೈತರ ಮಾತಿನಲ್ಲೂ ಇವು ‘ರೈಜೋಬಿಯಂ’ ಎಂದೇ ಪರಿಚಿತ. ಕರ್ನಾಟಕದಲ್ಲಿ ಅತಿ ಹೆಚ್ಚು ಸೋಯಾಬೀನ್ ಬೆಳೆಯುವ ಜಿಲ್ಲೆ ಬೀದರ್. ಇಲ್ಲಿನ ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯ ಇಳುವರಿ ಈ ಬ್ಯಾಕ್ಟೀರಿಯಾಗಳ ಆರೋಗ್ಯವನ್ನು ಬಹುಮಟ್ಟಿಗೆ ನಂಬಿಕೊಂಡಿದೆ. ಮಳೆ ಕೈಕೊಟ್ಟಾಗ ಗಿಡ ಬಾಡುವುದಕ್ಕೂ ಮೊದಲೇ ಗಂಟಿನ ಕೆಲಸ ಕುಗ್ಗುತ್ತದೆ. ಚಳಿಯಲ್ಲಿ ಗಂಟು ಕಟ್ಟುವುದೇ ತಡವಾಗುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾದಿಂದ ಬೆಳೆಗೆ ಆಸರೆ ಸಿಗಬೇಕಾದರೆ, ಒಣ ಹವೆ ಶುರುವಾಗುವ ಮೊದಲೇ ಗಂಟುಗಳು ಬಲವಾಗಿ ಕಟ್ಟಿರಬೇಕು ಮತ್ತು ಮಳೆ ಮರಳುವವರೆಗೆ ಅವು ಜೀವ ಹಿಡಿದಿರಬೇಕು.

ಪ್ರದೇಶ ಮತ್ತು ಬೆಳೆ

ಬೀದರ್ ಕರ್ನಾಟಕದ ಉತ್ತರದ ತುದಿಯ ಜಿಲ್ಲೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಗೆ ಒಂದು ಕಡೆ ಮಹಾರಾಷ್ಟ್ರದ ಲಾತೂರ್, ನಾಂದೇಡ್ ಜಿಲ್ಲೆಗಳು, ಇನ್ನೊಂದು ಕಡೆ ತೆಲಂಗಾಣ ಗಡಿಯಾಗಿವೆ. ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಇದು ಒಂದನೆಯ ವಲಯ, ಅಂದರೆ ಈಶಾನ್ಯ ಪರಿವರ್ತನಾ ವಲಯ. ಇಡೀ ಬೀದರ್ ಜಿಲ್ಲೆಯ ಜೊತೆಗೆ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿ ಭಾಗಗಳು ಇದರಲ್ಲಿ ಸೇರುತ್ತವೆ. ವಾರ್ಷಿಕ ಸರಾಸರಿ ಮಳೆ ಸುಮಾರು 850 ಮಿ.ಮೀ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಅಂಕಿಯಲ್ಲಿ ಈ ಮಳೆ ಸೋಯಾಬೀನ್‌ಗೆ ಸಾಕು. ಆದರೆ ಎರಡು ಮಳೆಗಳ ನಡುವೆ ಎರಡು ಮೂರು ವಾರ ಬಿಡುವು ಬೀಳುವುದು, ಆಮೇಲೆ ಒಂದೇ ವಾರದಲ್ಲಿ ಹೊಲ ತುಂಬಿ ಹರಿಯುವುದು ಇಲ್ಲಿ ಸಾಮಾನ್ಯ.

ಮಣ್ಣಿನಲ್ಲಿ ಜಿಲ್ಲೆ ಎರಡು ಬಗೆ. ಬೀದರ್ ನಗರ ಕುಳಿತಿರುವ ಎತ್ತರದ ಬಯಲು ಜಂಬಿಟ್ಟಿಗೆಯದು. ನಗರದ ಸುತ್ತಲಿನ ಮತ್ತು ಹುಮನಾಬಾದ್ ಕಡೆಯ ಹೊಲಗಳಲ್ಲಿ ಕೆಂಪು ಮಣ್ಣು ಹೆಚ್ಚು. ನೀರನ್ನು ಬೇಗ ಇಂಗಿಸಿಕೊಂಡು ಬೇಗ ಒಣಗುವ ನೆಲ ಇದು. ಮಾಂಜ್ರಾ ಮತ್ತು ಕಾರಂಜಾ ನದಿಗಳ ಬಯಲಿಗೆ ಇಳಿದರೆ ಭಾಲ್ಕಿ, ಔರಾದ್ ತಾಲ್ಲೂಕುಗಳ ಕಪ್ಪು ಎರೆ ಭೂಮಿ ಸಿಗುತ್ತದೆ. ದಖನ್ನಿನ ಕಪ್ಪು ಶಿಲೆ ಕರಗಿ ಆದ ಈ ಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ, ಮಳೆ ಹೆಚ್ಚಾದರೆ ಜವುಗಾಗುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ.

ಹಿಂದೆ ಈ ಹೊಲಗಳ ಮುಂಗಾರು ಬೆಳೆ ಎಂದರೆ ಉದ್ದು, ಹೆಸರು, ಜೋಳ ಮತ್ತು ತೊಗರಿ. ಕಳೆದ ಎರಡು ಮೂರು ದಶಕಗಳಲ್ಲಿ ಇವುಗಳ ಜಾಗವನ್ನು, ಅದರಲ್ಲೂ ಉದ್ದು, ಹೆಸರು, ಜೋಳಗಳ ಜಾಗವನ್ನು, ಸೋಯಾಬೀನ್ ಹಿಡಿದಿದೆ. ಇಂದು ಜಿಲ್ಲೆಯಲ್ಲಿ ಅದರ ಬಿತ್ತನೆ ಲಕ್ಷ ಹೆಕ್ಟೇರ್ ಮೀರುತ್ತದೆ. ಮೂರು ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ, ಯಂತ್ರದಲ್ಲಿ ರಾಶಿ ಮಾಡಬಹುದು, ಎಣ್ಣೆ ಗಿರಣಿಗಳ ಬೇಡಿಕೆಯಿದೆ, ಬೀದರ್‌ನ ಗಾಂಧಿಗಂಜ್ ಮತ್ತು ಗಡಿಯಾಚೆಯ ಉದಗೀರ್, ಲಾತೂರ್ ಪೇಟೆಗಳು ಹತ್ತಿರದಲ್ಲಿವೆ: ಹಬ್ಬಲು ಇವೇ ಕಾರಣ. ಸೋಯಾಬೀನ್ ತೆಗೆದ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುವುದು ರೂಢಿ. ಸೋಯಾ ಸಾಲುಗಳ ನಡುವೆ ತೊಗರಿ ಹಾಕುವವರೂ ಬಹಳ.

ಬೆಳೆಗೆ ಬೇಕಾದ ಸಾರಜನಕ

ಸೋಯಾಬೀನ್ ಕಾಳಿನಲ್ಲಿ ಸುಮಾರು ಶೇ 40 ಪ್ರೋಟೀನ್, ಶೇ 20 ಎಣ್ಣೆ ಇರುತ್ತದೆ. ಪ್ರೋಟೀನ್ ಇಷ್ಟಿದ್ದ ಮೇಲೆ ಸಾರಜನಕವೂ ಅಷ್ಟೇ ಬೇಕು. 10 ಕ್ವಿಂಟಲ್ ಕಾಳಿನಲ್ಲಿ 60ರಿಂದ 65 ಕೆ.ಜಿ. ಸಾರಜನಕ ಅಡಗಿರುತ್ತದೆ, ಎಲೆ, ಕಾಂಡ, ಬೇರು ಸೇರಿದರೆ ಗಿಡಗಳು ಹೀರುವುದು ಸುಮಾರು 80 ಕೆ.ಜಿ. ಒಂದು 45 ಕೆ.ಜಿ. ಯೂರಿಯಾ ಚೀಲದಲ್ಲಿರುವುದು 21 ಕೆ.ಜಿ.ಗಿಂತ ತುಸು ಕಡಿಮೆ ಸಾರಜನಕ. ಅಂದರೆ ಆ 10 ಕ್ವಿಂಟಲ್ ಕಾಳು ತನ್ನೊಂದಿಗೆ ಮೂರು ಚೀಲ ಯೂರಿಯಾದಷ್ಟು ಸಾರಜನಕವನ್ನು ಹೊತ್ತು ಪೇಟೆಗೆ ಹೋಗುತ್ತದೆ.

ಕರ್ನಾಟಕದಲ್ಲಿ ಸೋಯಾಬೀನ್‌ಗೆ ಶಿಫಾರಸಾಗಿರುವ ರಸಗೊಬ್ಬರ ಹೆಕ್ಟೇರಿಗೆ 40 ಕೆ.ಜಿ. ಸಾರಜನಕ, 80 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಷ್. ಸಾರಜನಕದ ಈ ಪ್ರಮಾಣ ಎಳೆ ಗಿಡಕ್ಕೆ ಆರಂಭದ ಬಲ ಕೊಡುವುದಕ್ಕೆ ಮಾತ್ರ. ಉಳಿದದ್ದನ್ನು ಮಣ್ಣು ಮತ್ತು ಬೇರುಗಂಟು ಹಂಚಿಕೊಂಡು ಒದಗಿಸಬೇಕು. ಜಗತ್ತಿನ ಬೇರೆ ಬೇರೆ ಕಡೆಯ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೋಯಾಬೀನ್‌ನ ಸಾರಜನಕದಲ್ಲಿ ಸರಾಸರಿ ಶೇ 50ರಿಂದ 60 ಪಾಲು ಗಾಳಿಯಿಂದ ಬಂದದ್ದು. ಧಾನ್ಯಕ್ಕಾಗಿ ಬೆಳೆಯುವ ಎಲ್ಲ ದ್ವಿದಳ ಬೆಳೆಗಳೂ ಸೇರಿ ಸ್ಥಿರೀಕರಿಸುವ ಸಾರಜನಕದಲ್ಲಿ ಸೋಯಾಬೀನ್ ಒಂದರದೇ ಶೇ 77 ಪಾಲು ಎಂದು 2008ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ಬ್ಯಾಕ್ಟೀರಿಯಾ: ಶೋಧ ಮತ್ತು ವರ್ಗೀಕರಣ

ದ್ವಿದಳ ಗಿಡಗಳು ಗಾಳಿಯ ಸಾರಜನಕವನ್ನು ಬಳಸುವುದು ಬೇರಿನ ಗಂಟುಗಳ ಮೂಲಕ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಸಾರಿದರು. ವಿಲ್‌ಫಾರ್ತ್ ಜೊತೆ ನಡೆಸಿದ ಪ್ರಯೋಗಗಳ ಪೂರ್ಣ ವರದಿ 1888ರಲ್ಲಿ ಬಂತು. ಅದೇ 1888ರಲ್ಲಿ ನೆದರ್ಲೆಂಡ್ಸ್‌ನ ಬೈಯೆರಿಂಕ್ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. 1896ರಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ ‘ನೈಟ್ರಜಿನ್’ ಎಂಬ ಹೆಸರಿನಲ್ಲಿ ಇದನ್ನು ಮಾರಾಟದ ಸರಕಾಗಿಸಿದರು. ಭಾರತದಲ್ಲಿ ದ್ವಿದಳ ಗಿಡಗಳ ಗಂಟಿನ ಸೂಕ್ಷ್ಮಜೀವಿಗಳ ಮೊದಲ ಅಧ್ಯಯನ 1920ರಲ್ಲಿ ಎನ್. ವಿ. ಜೋಶಿ ಅವರದು.

ಸೋಯಾಬೀನ್‌ನ ಬ್ಯಾಕ್ಟೀರಿಯಾ ಬಹುಕಾಲ ರೈಜೋಬಿಯಂ ಜಪಾನಿಕಂ ಎಂದೇ ಕರೆಯಲ್ಪಟ್ಟಿತ್ತು. ಪ್ರಯೋಗಾಲಯದಲ್ಲಿ ಇದು ನಿಧಾನವಾಗಿ ಬೆಳೆಯುತ್ತದೆ, ಜೊತೆಗೆ ಇತರ ಗುಣಗಳಲ್ಲೂ ಭಿನ್ನ. ಹಾಗಾಗಿ 1982ರಲ್ಲಿ ಇದನ್ನು ಬ್ರೇಡಿರೈಜೋಬಿಯಂ ಎಂಬ ಹೊಸ ಕುಲಕ್ಕೆ ಸೇರಿಸಲಾಯಿತು. ಆಮೇಲೆ ಬ್ರೇಡಿರೈಜೋಬಿಯಂ ಎಲ್ಕಾನಿ (1992), ಲಿಯಾವೊನಿಂಗೆನ್ಸ್ (1995), ಯುವಾನ್ಮಿಂಗೆನ್ಸ್ (2002), ಡಯಾಜೊಎಫಿಶಿಯೆನ್ಸ್ (2013) ಮುಂತಾದ ಪ್ರಭೇದಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಯಿತು. ಭಾರತದ ಸೋಯಾಬೀನ್ ಹೊಲಗಳ ಗಂಟುಗಳಲ್ಲಿ ಯುವಾನ್ಮಿಂಗೆನ್ಸ್ ಮತ್ತು ಲಿಯಾವೊನಿಂಗೆನ್ಸ್ ವ್ಯಾಪಕವಾಗಿ ಕಂಡುಬಂದಿವೆ. ತಣ್ಣನೆಯ ದೇಶಗಳ ಪ್ರಯೋಗಾಲಯಗಳಲ್ಲಿ ಹೆಸರಾದ ತಳಿ ಇಲ್ಲಿನ ಬಿಸಿ ಮಣ್ಣಿನಲ್ಲೂ ಗೆಲ್ಲುತ್ತದೆ ಎಂದು ಹೇಳುವಂತಿಲ್ಲ. ಸ್ಥಳೀಯ ಗಂಟುಗಳಿಂದಲೇ ತಳಿಗಳನ್ನು ಆರಿಸುವುದಕ್ಕೆ ಮಹತ್ವ ಬಂದಿರುವುದು ಈ ಕಾರಣದಿಂದ.

ಉದ್ದು, ಹೆಸರು, ತೊಗರಿ, ಅಲಸಂದೆಗಳಿಗೆ ನಮ್ಮ ಮಣ್ಣಿನಲ್ಲಿ ಮೊದಲಿನಿಂದಲೂ ಇರುವ ಬ್ರೇಡಿರೈಜೋಬಿಯಂಗಳೇ ಗಂಟು ಕಟ್ಟುತ್ತವೆ. ಸೋಯಾಬೀನ್ ಅಷ್ಟು ಸುಲಭಕ್ಕೆ ಒಪ್ಪುವ ಗಿಡವಲ್ಲ. ಚೀನಾ ಮೂಲದ ಈ ಬೆಳೆಯ ಅಮೆರಿಕನ್ ತಳಿಗಳು 1960ರ ದಶಕದಲ್ಲಿ ಜಬಲ್‌ಪುರ ಮತ್ತು ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಭಾರತಕ್ಕೆ ಬಂದಾಗ, ಅದಕ್ಕೆ ಹೊಂದುವ ಬ್ಯಾಕ್ಟೀರಿಯಾವನ್ನೂ ಬೀಜದೊಂದಿಗೆ ಕೊಡಬೇಕಾಯಿತು. ವರ್ಷಗಟ್ಟಲೆ ಸೋಯಾಬೀನ್ ಬೆಳೆದ ಹೊಲಗಳಲ್ಲಿ ಈ ಬ್ಯಾಕ್ಟೀರಿಯಾ ಈಗ ನೆಲೆಯೂರಿರುತ್ತದೆ. ಮೊದಲ ಬಾರಿ ಸೋಯಾಬೀನ್ ಕಾಣುವ ಹೊಲದಲ್ಲಿ ಅದನ್ನು ಹೊರಗಿನಿಂದಲೇ ಒದಗಿಸಬೇಕು.

ಗಂಟು ಕಟ್ಟುವ ಬಗೆ

ಮೊಳೆತ ಬೇರು ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೋನ್‌ಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಹತ್ತಿರದಲ್ಲಿರುವ ಬ್ರೇಡಿರೈಜೋಬಿಯಂ ಇದಕ್ಕೆ ಓಗೊಟ್ಟು ‘ನಾಡ್’ ಅಂಶವೆಂಬ ಇನ್ನೊಂದು ರಾಸಾಯನಿಕವನ್ನು ಹೊರಬಿಡುತ್ತದೆ. ಆಗ ಬೇರುಗೂದಲಿನ ತುದಿ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಸುತ್ತಿಕೊಳ್ಳುತ್ತದೆ. ಅದರೊಳಗೆ ಸೋಂಕಿನ ಎಳೆಯೊಂದು ಕೊಳವೆಯಂತೆ ಬೆಳೆದು ಬ್ಯಾಕ್ಟೀರಿಯಾವನ್ನು ಬೇರಿನ ಒಳಪದರಕ್ಕೆ ಮುಟ್ಟಿಸುತ್ತದೆ. ಅಲ್ಲಿನ ಜೀವಕೋಶಗಳು ಒಡೆದು ಹೆಚ್ಚುತ್ತ ಗಂಟಾಗುತ್ತವೆ. ಗಂಟಿನ ಒಳಗೆ ಬ್ಯಾಕ್ಟೀರಿಯಾ ರೂಪ ಬದಲಿಸಿ ಬ್ಯಾಕ್ಟೀರಾಯ್ಡ್ ಆಗುತ್ತದೆ ಮತ್ತು ನೈಟ್ರೋಜಿನೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ.

ಈ ಕಿಣ್ವದ ಎದೆಯಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ ಇವೆ. ಸಾರಜನಕದ ಒಂದು ಅಣುವನ್ನು ಒಡೆಯಲು ಇದು ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳನ್ನು ಖರ್ಚು ಮಾಡುತ್ತದೆ. ಅಷ್ಟು ಶಕ್ತಿಗೆ ಉಸಿರಾಟ ಬೇಕು, ಉಸಿರಾಟಕ್ಕೆ ಆಮ್ಲಜನಕ ಬೇಕು. ಆದರೆ ಆಮ್ಲಜನಕ ಹೆಚ್ಚಾದರೆ ನೈಟ್ರೋಜಿನೇಸ್ ಹಾಳಾಗುತ್ತದೆ. ಗಂಟಿನ ಹೊರಪದರ ಗಾಳಿಯ ಪ್ರವೇಶವನ್ನು ಬಿಗಿಹಿಡಿಯುವುದರಿಂದ ಮತ್ತು ಒಳಗೆ ಲೆಗ್‌ಹೀಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಆಮ್ಲಜನಕವನ್ನು ಅಳೆದು ಹಂಚುವುದರಿಂದ ಈ ತೊಡಕು ಬಗೆಹರಿಯುತ್ತದೆ. ಸ್ಥಿರೀಕರಿಸಿದ ಸಾರಜನಕ ಅಲಂಟಾಯಿನ್ ಮತ್ತು ಅಲಂಟಾಯಿಕ್ ಆಮ್ಲ ಎಂಬ ಯೂರೈಡ್‌ಗಳ ರೂಪದಲ್ಲಿ ಬೇರಿನಿಂದ ಎಲೆಗೆ ಏರುತ್ತದೆ. ಪ್ರತಿಯಾಗಿ ಎಲೆಯಿಂದ ಸಕ್ಕರೆ ಗಂಟಿಗೆ ಇಳಿಯುತ್ತದೆ.

ಬೀದರ್‌ನ ಪಂಚಾಂಗಕ್ಕೆ ಇದನ್ನು ಹೊಂದಿಸಿ ನೋಡಬಹುದು. ಮಿರಗದ ಮಳೆ ಹದವಾಗಿ ಬಿದ್ದು ಜೂನ್ ನಡುವಿನಲ್ಲಿ ಬಿತ್ತನೆಯಾದರೆ, ತಿಂಗಳ ಕೊನೆಯ ಹೊತ್ತಿಗೆ ಸಣ್ಣ ಗಂಟುಗಳು ಕಣ್ಣಿಗೆ ಬೀಳುತ್ತವೆ. ಜುಲೈ ನಡುವಿನ ಹೊತ್ತಿಗೆ ಅವು ಗಿಡಕ್ಕೆ ಲೆಕ್ಕಕ್ಕೆ ಸಿಗುವಷ್ಟು ಸಾರಜನಕ ಕೊಡತೊಡಗುತ್ತವೆ. ಜುಲೈ ಕೊನೆ, ಆಗಸ್ಟ್ ಆರಂಭ ಹೂವಿನ ಕಾಲ. ಕಾಯಿ ತುಂಬುವ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಸಾರಜನಕದ ಬೇಡಿಕೆಯ ತುತ್ತತುದಿ. ಮಳೆಯ ದೊಡ್ಡ ಬಿಡುವುಗಳು ಹೆಚ್ಚಾಗಿ ಬೀಳುವುದೂ ಜುಲೈ–ಆಗಸ್ಟ್‌ಗಳಲ್ಲೇ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಗಿ ದಾಖಲಾಯಿತು.

ಬರ ಮತ್ತು ಗಂಟು

ಮಣ್ಣು ಒಣಗತೊಡಗಿದಾಗ ಸೋಯಾಬೀನ್ ಗಿಡದಲ್ಲಿ ಮೊದಲು ಕುಂಠಿತವಾಗುವ ಕೆಲಸಗಳಲ್ಲಿ ಸಾರಜನಕ ಸ್ಥಿರೀಕರಣ ಒಂದು. ಎಲೆ ಇನ್ನೂ ಹಸಿರಾಗಿ ನಿಂತು ಆಹಾರ ತಯಾರಿಸುತ್ತಿರುವಾಗಲೇ ಗಂಟು ಸೋಲುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಥಾಮಸ್ ಸಿಂಕ್ಲೇರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಈ ಸೂಕ್ಷ್ಮತೆಯನ್ನು ಅಳೆದರು. ಇದರ ಹಿಂದೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ.

ಒಂದನೆಯದು ಸಕ್ಕರೆ. ಗಂಟಿಗೆ ಇಳಿದ ಸುಕ್ರೋಸನ್ನು ಒಡೆಯುವ ಸುಕ್ರೋಸ್ ಸಿಂಥೇಸ್ ಎಂಬ ಕಿಣ್ವದ ಚಟುವಟಿಕೆ ನೀರಿನ ಕೊರತೆಯಲ್ಲಿ ಬೇಗ ಕುಸಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಇಂಧನ ಸಿಗದಂತಾಗುತ್ತದೆ. ಎರಡನೆಯದು ಗಾಳಿ. ಒಣಗಿದ ಗಂಟಿನ ಹೊರಪದರ ಇನ್ನಷ್ಟು ಬಿಗಿಯಾಗಿ ಆಮ್ಲಜನಕ ಒಳಗೆ ಇಳಿಯುವುದಿಲ್ಲ. ಮೂರನೆಯದು ಯೂರೈಡ್. ನೀರಿನ ಹರಿವು ಇಳಿದಾಗ ಎಲೆಯಲ್ಲೂ ಗಂಟಿನಲ್ಲೂ ಯೂರೈಡ್ ಶೇಖರವಾಗುತ್ತದೆ, ಅದೇ ಸ್ಥಿರೀಕರಣವನ್ನು ತಡೆಯುವ ಸೂಚನೆಯಾಗಿ ಕೆಲಸ ಮಾಡುತ್ತದೆ ಎಂಬ ವಿವರಣೆಗೆ ಹಲವು ಪ್ರಯೋಗಗಳ ಬೆಂಬಲವಿದೆ. ಬರ ಸೌಮ್ಯವಾಗಿದ್ದರೆ ಮಳೆ ಬಂದ ಮೇಲೆ ಗಂಟು ಚೇತರಿಸಿಕೊಳ್ಳುತ್ತದೆ. ಬರ ತೀವ್ರವಾದರೆ ಗಂಟು ಒಳಗಿನಿಂದ ಕೊಳೆತು ಉದುರುತ್ತದೆ. ಮತ್ತೆ ಹೊಸ ಬೇರಿನಲ್ಲಿ ಹೊಸ ಗಂಟು ಕಟ್ಟಬೇಕು. ಕಾಯಿ ತುಂಬುವ ಹೊತ್ತಿನಲ್ಲಿ ಹೀಗಾದರೆ ಗಿಡ ತನ್ನ ಎಲೆಯ ಸಾರಜನಕವನ್ನೇ ಕಾಳಿಗೆ ಸಾಗಿಸುತ್ತದೆ, ಎಲೆ ಅಕಾಲದಲ್ಲಿ ಹಳದಿಯಾಗಿ ಉದುರುತ್ತದೆ, ಕಾಳು ಸಣ್ಣದಾಗುತ್ತದೆ.

ಬ್ಯಾಕ್ಟೀರಿಯಾದ ಕಡೆಯಿಂದಲೂ ಕೆಲವು ರಕ್ಷಣೆಗಳಿವೆ. ನೀರು ಕಡಿಮೆಯಾದಾಗ ಬ್ರೇಡಿರೈಜೋಬಿಯಂ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಒಳಗೆ ಕೂಡಿಹಾಕಿಕೊಂಡು ತನ್ನ ಪೊರೆ ಮತ್ತು ಪ್ರೋಟೀನ್‌ಗಳನ್ನು ಕಾಪಾಡಿಕೊಳ್ಳುತ್ತದೆ. ಈ ಸಕ್ಕರೆಯನ್ನು ತಯಾರಿಸುವ ವಂಶವಾಹಿಗಳನ್ನು ಕೆಡಿಸಿದ ತಳಿಗಳು ಒಣಗುವಿಕೆಯಲ್ಲಿ ಬೇಗ ಸಾಯುತ್ತವೆ. ಹೊರಮೈಗೆ ಸ್ರವಿಸುವ ಅಂಟು ಪದರವೂ ತೇವವನ್ನು ಹಿಡಿದಿಡುತ್ತದೆ. ಕೆಲವು ತಳಿಗಳು, ಮುಖ್ಯವಾಗಿ ಎಲ್ಕಾನಿ ಪ್ರಭೇದದವು, ರೈಜೋಬಿಟಾಕ್ಸಿನ್ ಎಂಬ ವಸ್ತುವಿನ ಮೂಲಕ ಗಿಡದಲ್ಲಿ ಎಥಿಲೀನ್ ತಯಾರಾಗುವುದನ್ನು ತಗ್ಗಿಸುತ್ತವೆ. ಒತ್ತಡದಲ್ಲಿ ಏರುವ ಎಥಿಲೀನ್ ಗಂಟು ಕಟ್ಟುವುದಕ್ಕೆ ಅಡ್ಡಿಯಾದ್ದರಿಂದ, ಅದನ್ನು ಇಳಿಸಬಲ್ಲ ಬ್ಯಾಕ್ಟೀರಿಯಾ ಗಿಡಕ್ಕೂ ತನಗೂ ಅನುಕೂಲ ಮಾಡಿಕೊಳ್ಳುತ್ತದೆ.

ಗಿಡದ ತಳಿಯಲ್ಲೂ ವ್ಯತ್ಯಾಸವಿದೆ. ಅಮೆರಿಕದ ‘ಜಾಕ್ಸನ್’ ಎಂಬ ಹಳೆಯ ಸೋಯಾಬೀನ್ ತಳಿಯ ಗಂಟುಗಳು ಒಣ ಮಣ್ಣಿನಲ್ಲೂ ಹೆಚ್ಚು ಹೊತ್ತು ಕೆಲಸ ಮಾಡುವುದು ಕಂಡುಬಂತು. ಈ ಗುಣವನ್ನು ಇಳುವರಿಯ ತಳಿಗಳಿಗೆ ಬೆಸೆಯುವ ಪ್ರಯತ್ನದ ಫಲವಾಗಿ ಅರ್ಕಾನ್ಸಾ ವಿಶ್ವವಿದ್ಯಾಲಯ 2007ರಲ್ಲಿ ಎರಡು ತಳಿಸಾಲುಗಳನ್ನು ಹೊರತಂದಿತು. ಭಾರತದಲ್ಲಿ ತಳಿ ಆಯ್ಕೆಗೆ ಇಂದಿಗೂ ಮುಖ್ಯ ಮಾನದಂಡಗಳು ಇಳುವರಿ, ಅವಧಿ ಮತ್ತು ರೋಗ ನಿರೋಧಕತೆ. ಬೀದರ್ ಸೀಮೆಯಲ್ಲಿ ಬಹುಕಾಲ ಆಳಿದ ಜೆಎಸ್ 335 ಜಬಲ್‌ಪುರದಲ್ಲಿ ರೂಪುಗೊಂಡದ್ದು. ತುಕ್ಕು ರೋಗ ತಾಳುವ ಡಿಎಸ್‌ಬಿ 21 ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು.

ಚಳಿ ಮತ್ತು ಗಂಟು

ಸೋಯಾಬೀನ್ ಬೇರು ಗಂಟು ಕಟ್ಟಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಮಣ್ಣು ಹಿತ. ಮಣ್ಣು ತಣ್ಣಗಾದಷ್ಟೂ ಬೇರು ಸ್ರವಿಸುವ ಐಸೊಫ್ಲೇವೋನ್ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಓಗೊಡುವುದೂ ನಿಧಾನವಾಗುತ್ತದೆ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಫೆಂಗ್ ಜಾಂಗ್ ಮತ್ತು ಡೊನಾಲ್ಡ್ ಸ್ಮಿತ್ ನಡೆಸಿದ ಪ್ರಯೋಗಗಳಲ್ಲಿ, 25ರಿಂದ 17 ಡಿಗ್ರಿಯವರೆಗೆ ಬೇರಿನ ವಲಯದ ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಸ್ಥಿರೀಕರಣದ ಆರಂಭ ಎರಡು ಮೂರು ದಿನ ಹಿಂದೆ ಬಿತ್ತು. 17ಕ್ಕಿಂತ ಕೆಳಗೆ ಪ್ರತಿ ಡಿಗ್ರಿಗೆ ಸುಮಾರು ಒಂದು ವಾರವೇ ತಡವಾಯಿತು. ಬ್ಯಾಕ್ಟೀರಿಯಾವನ್ನು ಮುಂಚಿತವಾಗಿ ಜೆನಿಸ್ಟೀನ್‌ನಲ್ಲಿ ಇಟ್ಟು ಎಚ್ಚರಿಸಿ ಕೊಟ್ಟಾಗ ತಣ್ಣನೆಯ ಮಣ್ಣಿನಲ್ಲೂ ಗಂಟು ಬೇಗ ಕಟ್ಟಿತು. ಉತ್ತರದ ಚಳಿ ಪ್ರದೇಶಗಳ ಮಣ್ಣಿನಿಂದ ಆರಿಸಿದ ತಳಿಗಳು ಅಲ್ಲಿನ ವಸಂತದ ಬಿತ್ತನೆಗೆ ಹೆಚ್ಚು ಹೊಂದಿದವು.

ಬೀದರ್‌ನ ಮುಂಗಾರು ಬೆಳೆಗೆ ಈ ತೊಂದರೆ ಇಲ್ಲ. ಜೂನ್‌ನ ಎರೆ ಮಣ್ಣಿನಲ್ಲಿ ಬ್ಯಾಕ್ಟೀರಿಯಾಕ್ಕೆ ಅಪಾಯ ಬಿಸಿಲಿನದು. ಮಳೆಗೆ ಮುಂಚಿನ ಬರಿ ನೆಲದ ಮೇಲ್ಪದರ 40 ಡಿಗ್ರಿ ಮೀರಿ ಕಾಯುತ್ತದೆ, ಅದರಲ್ಲಿ ಬೀಜಕ್ಕೆ ಸವರಿದ ಬ್ಯಾಕ್ಟೀರಿಯಾ ಹೆಚ್ಚು ದಿನ ಬಾಳದು. ಚಳಿಯ ಪ್ರಶ್ನೆ ಏಳುವುದು ಬೇರೆ ಎರಡು ಸಂದರ್ಭಗಳಲ್ಲಿ.

ಮೊದಲನೆಯದು ಬೀಜಕ್ಕಾಗಿ ಬೆಳೆಯುವ ಬೇಸಿಗೆ ಸೋಯಾಬೀನ್. ಮುಂಗಾರಿನ ಕೊನೆಯ ಮಳೆಗೆ ಸಿಕ್ಕ ಕಾಳು ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ, ಮರಾಠವಾಡದಲ್ಲಿ ನೀರಾವರಿ ಇರುವ ಕಡೆ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಬಿತ್ತಿ ಬೀಜ ಮಾಡಿಕೊಳ್ಳುವ ಪದ್ಧತಿ ಬೆಳೆದಿದೆ. ಗಡಿಯ ಈಚೆಗೂ ಹವೆ ಅದೇ. ಬೀದರ್ ಕರ್ನಾಟಕದ ಹೆಚ್ಚು ಚಳಿಯ ಜಿಲ್ಲೆಗಳಲ್ಲಿ ಒಂದು. ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಬಿತ್ತಿದ ಬೀಜ ಮೊಳೆಯುವುದೂ ತಡ, ಗಂಟು ಕಟ್ಟುವುದೂ ತಡ. ಇಂಥ ಬೆಳೆಗೆ ಆರಂಭದ ಸಾರಜನಕವನ್ನು ಬಿಡದೆ ಕೊಡಬೇಕು ಮತ್ತು ಚಳಿ ಸಡಿಲಿಸಿದ ವಾರವನ್ನು ನೋಡಿ ಬಿತ್ತಬೇಕು.

ಎರಡನೆಯದು ಹಿಂಗಾರಿನ ಕಡಲೆ. ಸೋಯಾಬೀನ್ ನಂತರ ಅಕ್ಟೋಬರ್‌ನಲ್ಲಿ ಬಿತ್ತಿದ ಕಡಲೆ ಮಣ್ಣಿನಲ್ಲಿ ಉಳಿದ ತೇವ ಮತ್ತು ಚಳಿಯಲ್ಲೇ ಬೆಳೆಯುವ ಗಿಡ. ಅದರ ಗಂಟು ಕಟ್ಟುವುದು ಮೀಸೊರೈಜೋಬಿಯಂ ಎಂಬ ಬೇರೆಯೇ ಕುಲ. ಸೋಯಾಬೀನ್‌ನ ಪೊಟ್ಟಣ ಕಡಲೆಗೆ ನಡೆಯದು, ಕಡಲೆಯದು ಸೋಯಾಬೀನ್‌ಗೆ ನಡೆಯದು. ಬಿತ್ತನೆಯ ಗಡಿಬಿಡಿಯಲ್ಲಿ ಒಂದೇ ರೈಜೋಬಿಯಂ ಎಲ್ಲದಕ್ಕೂ ಆಗುತ್ತದೆಂದು ಕೊಳ್ಳುವವರು ಪೊಟ್ಟಣದ ಮೇಲೆ ಬೆಳೆಯ ಹೆಸರನ್ನು ನೋಡಿಕೊಳ್ಳಬೇಕು.

ಮಣ್ಣಿನ ಪಾತ್ರ

ಭಾಲ್ಕಿ, ಔರಾದ್‌ಗಳ ಎರೆ ಮಣ್ಣಿನಲ್ಲಿರುವ ಸ್ಮೆಕ್ಟೈಟ್ ಜೇಡಿ ಬ್ಯಾಕ್ಟೀರಿಯಾಕ್ಕೆ ಆಸರೆ ಕೊಡುವ ಖನಿಜ. ಇಂಥ ಜೇಡಿಯನ್ನು ಮರಳು ಮಣ್ಣಿಗೆ ಬೆರೆಸಿದಾಗ ಕೆಲವು ಬಗೆಯ ಬೇರುಗಂಟಿನ ಬ್ಯಾಕ್ಟೀರಿಯಾ ಬಿಸಿ ಮತ್ತು ಒಣಹವೆಯನ್ನು ಹೆಚ್ಚು ತಾಳುತ್ತದೆ ಎಂದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆ. ಸಿ. ಮಾರ್ಷಲ್ 1964ರಲ್ಲಿ ತೋರಿಸಿದ್ದರು. ಹಾಗಾಗಿ ಬೇಸಿಗೆ ದಾಟಿ ಮುಂದಿನ ಮುಂಗಾರಿನವರೆಗೆ ಬ್ಯಾಕ್ಟೀರಿಯಾ ಬದುಕುಳಿಯುವ ಸಾಧ್ಯತೆ ಕೆಂಪು ಮಣ್ಣಿಗಿಂತ ಕಪ್ಪು ಮಣ್ಣಿನಲ್ಲಿ ಹೆಚ್ಚಿರಬಹುದು. ಆದರೆ ಅದೇ ಜೇಡಿ ಒಣಗಿ ಬಿರಿದಾಗ ಬೇರಿನ ಕವಲುಗಳು ಹರಿಯುತ್ತವೆ. ಜವುಗಾದಾಗ ಗಂಟಿಗೆ ಗಾಳಿ ಸಿಗದೆ ಸ್ಥಿರೀಕರಣ ನಿಲ್ಲುತ್ತದೆ. ಎರೆ ಭೂಮಿಯಲ್ಲಿ ಗಂಟಿಗೆ ಬರದಷ್ಟೇ ದೊಡ್ಡ ಶತ್ರು ನಿಂತ ನೀರು.

ಬೀದರ್ ನಗರದ ಸುತ್ತಲಿನ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಆದರೆ ಹತ್ತು ಹನ್ನೆರಡು ದಿನ ಮಳೆ ತಪ್ಪಿದರೂ ಗಂಟಿಗೆ ತಾಪ. ಅಲ್ಲಿ ಸಾವಯವ ಅಂಶ ಕಡಿಮೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ರಂಜಕವನ್ನು ಬಿಗಿಹಿಡಿಯುತ್ತವೆ. ಗಂಟಿಗೆ ಎಟಿಪಿ ಬೇಕು, ಎಟಿಪಿಗೆ ರಂಜಕ ಬೇಕು. ರಂಜಕದ ಕೊರತೆ ಇರುವಲ್ಲಿ ಎಷ್ಟು ಒಳ್ಳೆಯ ತಳಿಯ ಬ್ಯಾಕ್ಟೀರಿಯಾ ಕೊಟ್ಟರೂ ಗಂಟು ಸಣ್ಣದಾಗೇ ಉಳಿಯುತ್ತದೆ. ಬೀದರ್‌ನಿಂದ ಹೈದರಾಬಾದ್ ದಾರಿಯಲ್ಲಿರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಕರ್ನಾಟಕ ಸರ್ಕಾರ 2009ರಲ್ಲಿ ಆರಂಭಿಸಿದ ‘ಭೂಚೇತನ’ ಯೋಜನೆ, ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿದೆ ಎಂಬುದನ್ನು ಮಣ್ಣು ಪರೀಕ್ಷೆಯಿಂದ ಬೆಳಕಿಗೆ ತಂದಿತು. ಇವುಗಳಲ್ಲಿ ಬೋರಾನ್ ಗಂಟಿನ ರಚನೆಗೂ ಗಂಧಕ ನೈಟ್ರೋಜಿನೇಸ್ ಕಿಣ್ವಕ್ಕೂ ನೇರವಾಗಿ ಬೇಕಾದವು.

ಬೀಜೋಪಚಾರ

ಬ್ಯಾಕ್ಟೀರಿಯಾವನ್ನು ಹೊಲಕ್ಕೆ ಮುಟ್ಟಿಸುವ ರೂಢಿಯ ದಾರಿ ಬೀಜೋಪಚಾರ. ಲಿಗ್ನೈಟ್ ಅಥವಾ ಇದ್ದಿಲ ಪುಡಿಯಲ್ಲಿ ಬೆಳೆಸಿದ 200 ಗ್ರಾಂ ಪೊಟ್ಟಣ ಸುಮಾರು 10 ಕೆ.ಜಿ. ಬೀಜಕ್ಕೆ ಸಾಕು, ಎಕರೆಗೆ 25ರಿಂದ 30 ಕೆ.ಜಿ. ಬೀಜ ಹಾಕುವವರಿಗೆ ಮೂರು ಪೊಟ್ಟಣ ಬೇಕು. ಬೆಲ್ಲದ ತಿಳಿ ನೀರು ಕಾಯಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿಯನ್ನು ಕದಡಿ ಬೀಜದ ಮೇಲೆ ಚಿಮುಕಿಸಿ ಹಗುರವಾಗಿ ಹೊರಳಾಡಿಸುತ್ತಾರೆ. ಸೋಯಾಬೀನ್ ಬೀಜದ ಸಿಪ್ಪೆ ತೀರಾ ತೆಳು. ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಮೊಳಕೆ ಕೆಡುತ್ತದೆ. ನೆರಳಲ್ಲಿ ಗೋಣಿಚೀಲದ ಮೇಲೆ ಹರವಿ ಅರ್ಧ ಗಂಟೆ ಆರಿಸಿ, ಅಂದೇ ಬಿತ್ತಿ ಮುಗಿಸಬೇಕು.

ಜೀವಾಣು ಗೊಬ್ಬರಗಳನ್ನು 2006ರಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಅದರಂತೆ ಪುಡಿ ರೂಪದ ಒಂದು ಗ್ರಾಂ ರೈಜೋಬಿಯಂನಲ್ಲಿ ಕನಿಷ್ಠ 5 ಕೋಟಿ, ದ್ರವರೂಪದ ಒಂದು ಮಿ.ಲೀ.ನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳು ಇರಬೇಕು. ತಯಾರಿಕೆಯ ಘಟಕದಿಂದ ಹೊರಟಾಗ ಈ ಎಣಿಕೆ ಇದ್ದರೂ, ಮೇ ತಿಂಗಳ ಬಿಸಿಲಲ್ಲಿ ತಗಡಿನ ಗೋದಾಮಿನಲ್ಲಿ ಬಿದ್ದ ಪೊಟ್ಟಣದಲ್ಲಿ ಅದು ಬೇಗ ಇಳಿಯುತ್ತದೆ. ಮುಕ್ತಾಯದ ದಿನಾಂಕದಷ್ಟೇ ಸಂಗ್ರಹದ ಜಾಗವೂ ಮುಖ್ಯ.

ಇನ್ನೊಂದು ತೊಡಕು ಬಣ್ಣದ ಬೀಜದ್ದು. ರೈತ ಸಂಪರ್ಕ ಕೇಂದ್ರಗಳಲ್ಲೂ ಅಂಗಡಿಗಳಲ್ಲೂ ಸಿಗುವ ಬೀಜಕ್ಕೆ ಹಲವೊಮ್ಮೆ ಥೈರಮ್‌ನಂಥ ಶಿಲೀಂಧ್ರನಾಶಕ ಮೊದಲೇ ಸವರಿರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕದು. ಮನೆಯಲ್ಲೇ ಉಪಚರಿಸುವವರಿಗೆ ವಿಜ್ಞಾನಿಗಳು ಹೇಳುವ ಕ್ರಮ: ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ರೈಜೋಬಿಯಂ, ಅದೂ ಬಿತ್ತನೆಗೆ ಸ್ವಲ್ಪ ಮೊದಲು. ರಾಸಾಯನಿಕ ಸವರಿದ ಬೀಜವೇ ಕೈಗೆ ಬಂದಾಗ ದ್ರವರೂಪದ ಬ್ಯಾಕ್ಟೀರಿಯಾವನ್ನು ಪುಡಿಯಾದ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಬಿಡುವುದು ಉತ್ತಮ. ಒಣ ಮಣ್ಣಿನಲ್ಲಿ ಬಿತ್ತಿ ಮಳೆಗೆ ಕಾಯುವುದಂತೂ ಬೀಜೋಪಚಾರದ ಶ್ರಮವನ್ನೇ ವ್ಯರ್ಥ ಮಾಡುತ್ತದೆ. 75ರಿಂದ 100 ಮಿ.ಮೀ. ಮಳೆ ಬಿದ್ದ ಮೇಲೆ ಬಿತ್ತಬೇಕೆಂಬ ಶಿಫಾರಸು ಬೀಜದಷ್ಟೇ ಬ್ಯಾಕ್ಟೀರಿಯಾದ ಉಳಿವಿಗೂ ಅನ್ವಯಿಸುತ್ತದೆ.

ಹೊಲದಲ್ಲಿ ಗಂಟಿನ ಪರೀಕ್ಷೆ

ಗಂಟು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಬಿತ್ತಿ 35ರಿಂದ 45 ದಿನಗಳಾದಾಗ, ಮಣ್ಣು ಹಸಿ ಇರುವಾಗ, ಗಿಡವನ್ನು ಕೀಳದೆ ಸುತ್ತ ಸಲಿಕೆ ಹಾಕಿ ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಕಿತ್ತರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ನೆನೆಹಾಕಿದರೆ ಎರೆ ಮಣ್ಣು ತಾನಾಗಿ ಕರಗುತ್ತದೆ. ಬಟಾಣಿಗಿಂತ ಸಣ್ಣ ಗುಂಡು ಗಂಟುಗಳು ತಾಯಿಬೇರಿನ ಮೇಲ್ಭಾಗದಲ್ಲೇ ಗುಂಪಾಗಿದ್ದರೆ, ಬೀಜದ ಜೊತೆ ಹೋದ ಬ್ಯಾಕ್ಟೀರಿಯಾ ಹಿಡಿದಿದೆ ಎಂಬ ಸೂಚನೆ. ಕವಲು ಬೇರುಗಳ ಮೇಲೆ ಚದುರಿದ್ದರೆ ಅವು ಬಹುತೇಕ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾದವು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಅಥವಾ ರಕ್ತಗೆಂಪು ಕಂಡರೆ ಸ್ಥಿರೀಕರಣ ನಡೆದಿದೆ. ಬಿಳಿಯಾಗಿದ್ದರೆ ಎಳೆಯದು ಅಥವಾ ನಿಷ್ಪ್ರಯೋಜಕ ತಳಿಯದು. ಹಸಿರು, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದರ ಆಯುಸ್ಸು ಮುಗಿದಿದೆ.

ಮಳೆಯ ಬಿಡುವಿನ ಮೊದಲು, ನಡುವೆ ಮತ್ತು ಮಳೆ ಮರಳಿದ ಒಂದು ವಾರದ ಮೇಲೆ ಹೀಗೆ ನೋಡಿದರೆ ಬರ ಎಷ್ಟು ಹಾನಿ ಮಾಡಿತೆಂದು ಗೊತ್ತಾಗುತ್ತದೆ. ಗಂಟುಗಳು ಮತ್ತೆ ಕೆಂಪಾಗಿದ್ದರೆ ಯೂರಿಯಾ ಹಾಕುವ ಅಗತ್ಯವಿಲ್ಲ. ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಾದರೆ ಗಿಡ ಹೊಸ ಗಂಟು ಕಟ್ಟುವುದನ್ನೂ ಇದ್ದ ಗಂಟಿಗೆ ಸಕ್ಕರೆ ಕೊಡುವುದನ್ನೂ ಕಡಿಮೆ ಮಾಡುತ್ತದೆ.

ತೇವ ಕಾಯುವ ಪದ್ಧತಿಗಳು ಮತ್ತು ಜೊತೆಗಾರ ಸೂಕ್ಷ್ಮಜೀವಿಗಳು

ಗಂಟನ್ನು ಬರ ಮತ್ತು ಜವುಗು ಎರಡರಿಂದಲೂ ಕಾಯುವ ಪದ್ಧತಿಗಳಲ್ಲಿ ಮುಖ್ಯವಾದದ್ದು ಅಗಲ ಏರುಮಡಿ ಮತ್ತು ಸಾಲು ಪದ್ಧತಿ. ಕೆಲವು ಸಾಲು ಸೋಯಾಬೀನ್ ಎತ್ತರದ ಮಡಿಯ ಮೇಲೆ, ಎರಡೂ ಬದಿಗೆ ಹರಿ: ಮಳೆ ಹೆಚ್ಚಾದರೆ ನೀರು ಹರಿಯಲ್ಲಿ ಹೊರಹೋಗುತ್ತದೆ, ಕಡಿಮೆಯಾದರೆ ಹರಿಯಲ್ಲಿ ಇಂಗಿ ಬೇರಿಗೆ ದಕ್ಕುತ್ತದೆ. ಕಪ್ಪು ಮಣ್ಣಿಗಾಗಿ ಇಕ್ರಿಸ್ಯಾಟ್ ಈ ಪದ್ಧತಿಯನ್ನು ಬೆಳೆಸಿತು. ಬೀದರ್ ಜಿಲ್ಲೆಯಲ್ಲಿ ಇಂಥ ವಿಷಯಗಳ ತರಬೇತಿಗೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಬೀದರ್ ಕೃಷಿ ವಿಜ್ಞಾನ ಕೇಂದ್ರವಿದೆ. ಬಿಡುವಿನ ದಿನಗಳಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವುದು, ಸಾಧ್ಯವಿರುವಲ್ಲಿ ಕೃಷಿ ಹೊಂಡದ ನೀರನ್ನು ಹೂವು ಅಥವಾ ಕಾಯಿ ತುಂಬುವ ಹಂತದಲ್ಲಿ ಒಮ್ಮೆ ತುಂತುರಾಗಿ ಕೊಡುವುದು ಗಂಟಿನ ಆಯುಸ್ಸನ್ನು ಹೆಚ್ಚಿಸುತ್ತವೆ.

ಬ್ರೇಡಿರೈಜೋಬಿಯಂ ಜೊತೆ ಇತರ ಸೂಕ್ಷ್ಮಜೀವಿಗಳನ್ನು ಕೊಡುವ ಪ್ರಯೋಗಗಳೂ ನಡೆದಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಮತ್ತು ಅವರ ಶಿಷ್ಯರು ದೀರ್ಘಕಾಲ ಅಧ್ಯಯನ ಮಾಡಿದ ಮೈಕೊರೈಜಾ ಶಿಲೀಂಧ್ರಗಳು ಬೇರು ಮುಟ್ಟಲಾಗದ ಸಂದಿಗಳಿಂದ ರಂಜಕವನ್ನೂ ಸ್ವಲ್ಪ ನೀರನ್ನೂ ತರುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಸ್ಯೂಡೊಮೊನಾಸ್, ಬ್ಯಾಸಿಲಸ್, ಅಜೊಸ್ಪಿರಿಲಂಗಳ ಕೆಲವು ತಳಿಗಳು ಎಥಿಲೀನ್ ತಗ್ಗಿಸಿ ಅಥವಾ ಬೇರುಗೂದಲನ್ನು ಹೆಚ್ಚಿಸಿ ಗಂಟು ಕಟ್ಟುವುದಕ್ಕೆ ನೆರವಾಗುತ್ತವೆ. ಕುಂಡಗಳಲ್ಲಿ ಕಾಣುವ ಲಾಭ ಹೊಲದಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣುವುದಿಲ್ಲ. ಅಲ್ಲಿ ಹೊರಗಿನಿಂದ ಬಂದ ತಳಿ ಮೊದಲೇ ನೆಲೆಸಿದ ತಳಿಗಳೊಡನೆ ಗಂಟಿನ ಜಾಗಕ್ಕೆ ಸೆಣಸಬೇಕು.

ಮಿತಿಗಳು

ಸೋಯಾಬೀನ್ ಬೆಳೆದರೆ ಭೂಮಿಗೆ ಸಾರಜನಕ ಸೇರುತ್ತದೆ ಎಂಬ ನಂಬಿಕೆಯನ್ನು ಎಚ್ಚರದಿಂದ ಬಳಸಬೇಕು. ಸ್ಥಿರೀಕರಿಸಿದ ಸಾರಜನಕದ ಬಹುಪಾಲು ಕಾಳಿನೊಳಗೆ ಹೋಗಿ ಹೊಲದಿಂದ ಹೊರಬೀಳುತ್ತದೆ. ಉದುರಿದ ಎಲೆ ಮತ್ತು ಬೇರು ಹೊಲದಲ್ಲಿ ಉಳಿದರೂ, ರಾಶಿಯ ನಂತರದ ಹೊಟ್ಟನ್ನು ಸುಟ್ಟರೆ ಅಥವಾ ಹೊರಗೆ ಸಾಗಿಸಿದರೆ ಲೆಕ್ಕ ಕೊರತೆಗೆ ತಿರುಗಬಹುದು. ಬರದ ವರ್ಷದಲ್ಲಿ ಗಂಟು ಸೋತರೆ ಬೆಳೆ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ. ಆಗ ಹಿಂಗಾರಿನ ಕಡಲೆಯಾಗಲಿ ಜೋಳವಾಗಲಿ ಹಿಂದಿನ ಬೆಳೆಯಿಂದ ಏನನ್ನೂ ಪಡೆಯುವುದಿಲ್ಲ.

ಸಹಾಯಧನದ ಸೋಯಾಬೀನ್ ಬೀಜಕ್ಕೆ ರೈತರು ಪ್ರತಿ ಜೂನ್‌ನಲ್ಲಿ ಸಾಲುಗಟ್ಟುವ ಈ ಸೀಮೆಯಲ್ಲಿ ಬ್ಯಾಕ್ಟೀರಿಯಾದ ಪೊಟ್ಟಣ ಬೀಜದ ಚೀಲದ ಜೊತೆ ಬರುವ ಹೆಚ್ಚುವರಿ ಸಾಮಗ್ರಿ ಎನಿಸಿದೆ. ಬೆಳೆ ಹಿಂದೆಂದೂ ಕಾಣದ ಹೊಲ, ಕೆಂಪು ಮಣ್ಣು, ಹಿಂದಿನ ವರ್ಷ ತೀವ್ರ ಬರ ಅಥವಾ ದೀರ್ಘ ಜವುಗು ಕಂಡ ಹೊಲ, ಹಲವು ವರ್ಷ ಬೇರೆ ಬೆಳೆಗೆ ಬಿಟ್ಟ ಹೊಲ: ಈ ನಾಲ್ಕು ಕಡೆ ಬೀಜೋಪಚಾರದಿಂದ ಲಾಭದ ನಿರೀಕ್ಷೆ ಹೆಚ್ಚು. ವರ್ಷ ಬಿಡದೆ ಸೋಯಾಬೀನ್ ಬೆಳೆದು, ಗಂಟು ಕೆಂಪಾಗಿಯೇ ಕಾಣುವ ಎರೆ ಹೊಲದಲ್ಲಿ ಅದು ಅಗ್ಗದ ವಿಮೆಯಷ್ಟೆ. ಅಲ್ಲಿ ಏರುಮಡಿ, ರಂಜಕ ಮತ್ತು ಸರಿಯಾದ ಹದದ ಬಿತ್ತನೆಗೆ ಹಾಕಿದ ಖರ್ಚು ಗಂಟಿನ ಮೂಲಕವೇ ಹೆಚ್ಚಾಗಿ ಮರಳುತ್ತದೆ.